ದೊಡ್ಡವರನ್ನು ಕರೆದುಕೊಂಡು ಬಾ

ತಂದೆ ತಾಯಿ ಇಬ್ಬರೂ ತೀರಿಕೊಂಡ ಮಗುವಿಗೆ ಕಾನೂನುಬದ್ಧ ಪಾಲಕರಾಗಲು ಎಷ್ಟು ವಯಸ್ಸಾಗಿರಬೇಕು? ನಮ್ಮ ದೇಶದ ಕಾನೂನು ಕೊಡುವ ಉತ್ತರ ಚಿಕ್ಕದು. 18 ತುಂಬಿದ್ದರೆ ಸಾಕು, ಮೇಲ್ಮಿತಿ ಎಂಬುದಿಲ್ಲ. 19ರ ಅಕ್ಕನೂ ಅರ್ಜಿ ಹಾಕಬಹುದು, 79ರ ಅಜ್ಜನೂ ಹಾಕಬಹುದು. ಯಾರಿಂದ ಮಗುವಿಗೆ ಹಿತ ಎಂಬುದನ್ನು ನ್ಯಾಯಾಲಯ ನೋಡಬೇಕೇ ಹೊರತು ಅರ್ಜಿದಾರರ ಜನ್ಮದಿನಾಂಕ ಒಂದನ್ನೇ ನೋಡಿ ಯಾರನ್ನೂ ಹೊರಗೆ ಕಳಿಸುವಂತಿಲ್ಲ.

ಕಾಗದದ ಮೇಲೆ ಹೀಗಿರುವ ಕಾನೂನು ಊರಿನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕಾದರೆ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಹಳೇ ಮೈಸೂರು ಕಡೆಯ ಒಂದು ಹಳ್ಳಿ ಎಂದಿಟ್ಟುಕೊಳ್ಳೋಣ. ಇದು ಯಾವ ಒಂದು ಮನೆಯ ಗುರುತೂ ಅಲ್ಲ. ಅಪ್ಪ ಹೋಗಿ ಎರಡು ವರ್ಷಕ್ಕೆ ಅಮ್ಮನೂ ಹೋದಳು. ದೊಡ್ಡ ಮಗಳಿಗೆ 19. ಬೆಳಗ್ಗೆ ಏಳಕ್ಕೆ ಬರುವ ಗಾರ್ಮೆಂಟ್ಸ್ ವ್ಯಾನು ಹತ್ತುವ ಮುಂಚೆ ಅನ್ನ ಸಾರು ಮಾಡಿ, ತಮ್ಮನ ಡಬ್ಬಿ ಕಟ್ಟಿ, ಮಂಡಿನೋವಿನ ಅಜ್ಜಿಗೆ ಮಾತ್ರೆ ಎತ್ತಿಕೊಟ್ಟು ಹೊರಡುತ್ತಾಳೆ. ತಮ್ಮ ಎಂಟನೇ ಕ್ಲಾಸು. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಎರಡು ಎಕರೆಗೆ ಇನ್ನೂ ಪೌತಿ ಖಾತೆ ಆಗಿಲ್ಲ. ಅಮ್ಮನ ಬ್ಯಾಂಕ್ ಖಾತೆಯಲ್ಲಿ ಸ್ವಲ್ಪ ಹಣವಿದೆ.

ಒಂದು ದಿನ ರಜೆ ಹಾಕಿ ತಮ್ಮನ ಶಾಲೆಗೆ ಹೋಗುತ್ತಾಳೆ. ಅರ್ಜಿಯಲ್ಲಿ ಪೋಷಕರ ಸಹಿ ಬೇಕು. "ನಾನೇ ಮಾಡ್ತೀನಿ ಸಾರ್, ಅವನನ್ನ ನೋಡ್ಕೊಳ್ಳೋಳು ನಾನೇ" ಎನ್ನುತ್ತಾಳೆ. "ಅಲ್ಲಮ್ಮ, ಯಾರಾದ್ರೂ ದೊಡ್ಡವರಿದ್ರೆ ಕರ್ಕೊಂಡ್ ಬಾ" ಎಂದು ಉತ್ತರ ಬರುತ್ತದೆ. ಹೇಳಿದವರು ಕೆಟ್ಟವರಲ್ಲ. ಎದುರಿಗೆ ನಿಂತ ಹುಡುಗಿಯ ಮುಖ ನೋಡಿ, ಇವಳಿನ್ನೂ ಮಗುವಿನ ಥರವೇ ಇದ್ದಾಳಲ್ಲ ಅನ್ನಿಸಿ ಆಡಿದ ಮಾತು. ಬ್ಯಾಂಕಿನಲ್ಲಿ "ಕೋರ್ಟಿಂದ ಗಾರ್ಡಿಯನ್ ಆರ್ಡರ್ ತಗೊಂಬನ್ನಿ" ಎನ್ನುತ್ತಾರೆ. ನಾಡಕಚೇರಿಯಲ್ಲೂ ಮನೆಯ ಹಿರಿಯರು ಯಾರು ಎಂಬುದೇ ಮೊದಲ ಪ್ರಶ್ನೆ. ಹುಡುಗಿ ಬೇರೆ ದಾರಿ ಕಾಣದೆ ಚಿಕ್ಕಪ್ಪನನ್ನು ಕರೆದುಕೊಂಡು ಹೋಗುತ್ತಾಳೆ. ಚಿಕ್ಕಪ್ಪ ಸಹಿ ಹಾಕುತ್ತಾನೆ. ಅಲ್ಲಿಂದಾಚೆಗೆ ಎಲ್ಲ ಕಾಗದದಲ್ಲೂ ಮೈನರ್ ಹುಡುಗನ ಗಾರ್ಡಿಯನ್ ಎಂದರೆ ಚಿಕ್ಕಪ್ಪನೇ.

ಇಲ್ಲಿ ನಡೆದದ್ದನ್ನು ಕಾನೂನಿನ ಕಣ್ಣಿನಿಂದ ನೋಡಿದರೆ ಗಾಬರಿಯಾಗಬೇಕು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಸ್ವಾಭಾವಿಕ ಪಾಲಕರು ಯಾರು ಎಂದು ಹೇಳುತ್ತದೆ. ತಂದೆ, ತಾಯಿ, ಮದುವೆಯಾದ ಹುಡುಗಿಗೆ ಗಂಡ. ಪಟ್ಟಿ ಅಲ್ಲಿಗೆ ಮುಗಿಯಿತು. ಅಜ್ಜ ಅಜ್ಜಿ ಅದರಲ್ಲಿಲ್ಲ, ಚಿಕ್ಕಪ್ಪ ಇಲ್ಲ, ಸೋದರಮಾವ ಇಲ್ಲ, ಅಕ್ಕ ಅಣ್ಣ ಯಾರೂ ಇಲ್ಲ. ಉಯಿಲಿನಲ್ಲಿ ತಂದೆಯೋ ತಾಯಿಯೋ ಹೆಸರಿಸಿರಬೇಕು, ಇಲ್ಲವೆ ನ್ಯಾಯಾಲಯ ನೇಮಿಸಬೇಕು. ಇವೆರಡೂ ಆಗದಿದ್ದರೆ ಮಗುವನ್ನು ಸಾಕುತ್ತಿರುವವರು ಎಷ್ಟೇ ಪ್ರೀತಿಯಿಂದ ಸಾಕುತ್ತಿದ್ದರೂ ಮಗುವಿನ ಆಸ್ತಿಯ ವ್ಯವಹಾರ ಮಾಡುವ ಅಧಿಕಾರ ಅವರಿಗಿಲ್ಲ ಎಂದು ಅದೇ ಕಾಯ್ದೆಯ 11ನೇ ಕಲಂ ಖಂಡಿತವಾಗಿ ಹೇಳುತ್ತದೆ. ಅಂದರೆ ಆ ಚಿಕ್ಕಪ್ಪ ಹುಡುಗನ ಪಾಲಿನ ಒಂದು ಗುಂಟೆಯನ್ನೂ ಮಾರುವಂತಿಲ್ಲ. ಕಾನೂನಿನಲ್ಲಿ ಅವನಿಗೂ ಆ ಹುಡುಗಿಗೂ ಇರುವ ಸ್ಥಾನ ಒಂದೇ. ಇಬ್ಬರೂ ಅರ್ಜಿ ಹಾಕಬಹುದಾದವರು, ಅಷ್ಟೇ. ಆದರೆ ವಯಸ್ಸಿನ ಬಗ್ಗೆ ನಮಗಿರುವ ನಂಬಿಕೆ, ಕಾನೂನು ಕೊಡದ ಅಧಿಕಾರವನ್ನು ಅವನ ಕೈಗೆ ಕೊಟ್ಟಿತು. ಅವಳು ಪಡೆಯಬಹುದಾಗಿದ್ದ ಅಧಿಕಾರದ ಬಾಗಿಲಿನಿಂದ ಅವಳನ್ನು ಹಿಂದಕ್ಕೆ ಕಳಿಸಿತು.

ಹಾಗಾಗಿ ಪಾಲಕರ ವಯಸ್ಸಿನ ಪ್ರಶ್ನೆಯನ್ನು ನಾವು ತಪ್ಪು ಕಡೆಯಿಂದ ಕೇಳುತ್ತಿದ್ದೇವೆ ಎಂಬುದು ನನ್ನ ವಾದ. ಪಾಲಕರಿಗೆ ಎಷ್ಟು ವರ್ಷ ಎಂದು ಕೇಳುತ್ತೇವೆ. ಮಗುವಿಗೆ 18 ತುಂಬುವವರೆಗೆ ಇನ್ನೆಷ್ಟು ವರ್ಷ, ಅಷ್ಟೂ ವರ್ಷ ಅದರ ಜೊತೆ ಯಾರು ಯಾರು ಇರಬೇಕು ಎಂದು ಕೇಳಬೇಕು. ಒಬ್ಬರ ವಯಸ್ಸನ್ನು ಅಳೆದು ಒಬ್ಬರನ್ನೇ ನೇಮಿಸುವ ರೂಢಿಯನ್ನು ಬಿಟ್ಟು, ಹಿರಿಯರೊಬ್ಬರನ್ನೂ ಕಿರಿಯರೊಬ್ಬರನ್ನೂ ಒಟ್ಟಿಗೆ ನೇಮಿಸುವುದು ನಮ್ಮಲ್ಲಿ ಸಾಮಾನ್ಯ ಪದ್ಧತಿಯಾಗಬೇಕು. ಅದಕ್ಕೆ ಬೇಕಾದ ಕಾನೂನು ಬಹುಮಟ್ಟಿಗೆ ಈಗಲೇ ಇದೆ.

ಆ ಕಾನೂನು ತುಂಬ ಹಳೆಯದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇಂದಿಗೂ ಎಲ್ಲ ಧರ್ಮದವರಿಗೂ ಅನ್ವಯಿಸುವ ಮೂಲ ಕಾಯ್ದೆ. ಪಾಲಕರ ವಯಸ್ಸಿನ ಮಾತು ಬರುವುದು ಅದರ 21ನೇ ಕಲಮಿನಲ್ಲಿ. ಅಪ್ರಾಪ್ತ ವಯಸ್ಕರು ಇನ್ನೊಬ್ಬ ಅಪ್ರಾಪ್ತ ವಯಸ್ಕರಿಗೆ ಪಾಲಕರಾಗಲು ಅರ್ಹರಲ್ಲ ಎಂದು ಮೊದಲು ಹೇಳಿ, ಕೂಡಲೇ ವಿನಾಯಿತಿಗಳನ್ನು ಕೊಡುತ್ತದೆ. ತನ್ನ ಹೆಂಡತಿಗೆ ಪಾಲಕನಾಗಬಹುದು, ತನ್ನ ಮಗುವಿಗೆ ಆಗಬಹುದು, ಅವಿಭಕ್ತ ಹಿಂದೂ ಕುಟುಂಬದ ವ್ಯವಹಾರ ನೋಡಿಕೊಳ್ಳುವವನಾಗಿದ್ದರೆ ಆ ಕುಟುಂಬದ ಇನ್ನೊಬ್ಬ ಅಪ್ರಾಪ್ತ ಸದಸ್ಯನ ಹೆಂಡತಿ ಮಕ್ಕಳಿಗೂ ಆಗಬಹುದು.

ಈ ವಿನಾಯಿತಿಗಳನ್ನು ನಿಧಾನವಾಗಿ ಓದಬೇಕು. 17ರ ಹುಡುಗನೊಬ್ಬ 16ರ ಹೆಂಡತಿಗೆ ಪಾಲಕನಾಗಬಹುದು ಎಂದು ಅದರ ಅರ್ಥ. ತಾಯಿಯಿಲ್ಲದ ತಮ್ಮನನ್ನು ಮೂರು ವರ್ಷದಿಂದ ಸಾಕುತ್ತಿರುವ 17ರ ಹುಡುಗಿ ಅವನಿಗೆ ಪಾಲಕಿಯಾಗುವಂತಿಲ್ಲ. ಬಾಲ್ಯವಿವಾಹ ಮನೆಮನೆಯ ರೂಢಿಯಾಗಿದ್ದ ಕಾಲದಲ್ಲಿ ಬರೆದ ಸಾಲು ಅದು. ಆ ಕಾಲಕ್ಕೆ ಗಂಡನ ಅಧಿಕಾರ ಕಣ್ಣಿಗೆ ಬಿತ್ತು, ಅಕ್ಕನ ದುಡಿಮೆ ಬೀಳಲಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂದಿದೆ. ಕರ್ನಾಟಕವಂತೂ 2016ರ ತಿದ್ದುಪಡಿಯ ಮೂಲಕ ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಎಂದು ಸಾರಿದೆ. ಮದುವೆಯೇ ಇಲ್ಲ ಎಂದ ಮೇಲೆ ಗಂಡನೆಲ್ಲಿ, ಅವನ ಪಾಲಕತ್ವವೆಲ್ಲಿ? ಆದರೂ ಆ ಸಾಲು ಕೇಂದ್ರದ ಕಾಯ್ದೆಯಲ್ಲಿ ಹಾಗೆಯೇ ಉಳಿದಿದೆ. ಅದನ್ನು ಅಳಿಸಲು ಯಾವ ಚರ್ಚೆಯೂ ಬೇಕಾಗಿಲ್ಲ.

ತನ್ನ ಮಗುವಿಗೆ ಪಾಲಕರಾಗುವ ವಿನಾಯಿತಿ ಮಾತ್ರ ಉಳಿಯಬೇಕಾದದ್ದೇ. 17ರ ತಾಯಿ ತನ್ನ ಕೂಸಿಗೆ ಯಾರೂ ಅಲ್ಲ ಎನ್ನಲಾಗುವುದಿಲ್ಲ. 1956ರ ಕಾಯ್ದೆಯ 10ನೇ ಕಲಂ ಅಲ್ಲೂ ಒಂದು ಗೆರೆ ಎಳೆಯುತ್ತದೆ. ಅಪ್ರಾಪ್ತ ವಯಸ್ಕರು ಯಾವ ಅಪ್ರಾಪ್ತರ ಆಸ್ತಿಗೂ ಪಾಲಕರಾಗುವಂತಿಲ್ಲ. ಕೂಸನ್ನು ಮಡಿಲಲ್ಲಿಟ್ಟು ಸಾಕಬಹುದು, ಕೂಸಿನ ಹೆಸರಿನ ಜಮೀನಿಗೆ ಕೈ ಹಾಕುವಂತಿಲ್ಲ. ಶರೀರದ ಪಾಲಕತ್ವ ಬೇರೆ, ಆಸ್ತಿಯ ಪಾಲಕತ್ವ ಬೇರೆ ಎಂಬ ಈ ವಿಭಜನೆ ಬಹಳ ವಿವೇಕದ್ದು. ಮುಂದೆ ನಾನು ಹೇಳಲಿರುವುದಕ್ಕೆ ಇದೇ ಆಧಾರ. (ಕ್ರೈಸ್ತರು, ಪಾರ್ಸಿಗಳಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 60ನೇ ಕಲಂ ಇನ್ನೂ ಮುಂದೆ ಹೋಗಿ, ತಂದೆಯಾದವನು ತನಗೆ ಎಷ್ಟೇ ವಯಸ್ಸಾಗಿರಲಿ ಉಯಿಲಿನ ಮೂಲಕ ಮಗುವಿಗೆ ಪಾಲಕರನ್ನು ನೇಮಿಸಬಹುದು ಎನ್ನುತ್ತದೆ. ತಾಯಿಯ ಹೆಸರು ಆ ಕಲಮಿನಲ್ಲಿ ಇಲ್ಲವೆಂಬುದು ಬೇರೆ ಲೇಖನಕ್ಕೆ ವಸ್ತು.)

18 ಸಾಲದು, ಪಾಲಕರಿಗೆ ಕನಿಷ್ಠ 21 ಆಗಿರಲಿ, 25 ಆಗಿರಲಿ ಎನ್ನುವವರಿದ್ದಾರೆ. ಅವರ ಮಾತನ್ನು ಸುಲಭಕ್ಕೆ ತಳ್ಳಿಹಾಕಬಾರದು. 18ಕ್ಕೆ ಮತ ಹಾಕಬಹುದು ನಿಜ, ಆದರೆ ತನ್ನ ಬದುಕನ್ನೇ ಇನ್ನೂ ಕಟ್ಟಿಕೊಳ್ಳದ ಹುಡುಗ ಹುಡುಗಿಯರ ಹೆಗಲಿಗೆ ಮತ್ತೊಂದು ಬದುಕನ್ನು ಏರಿಸುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ. ಸರ್ಕಾರಕ್ಕೂ ಈ ಅಳುಕಿದೆ. ಕೋವಿಡ್‌ನಲ್ಲಿ ಅನಾಥರಾದ ಮಕ್ಕಳಿಗೆಂದು 2021ರ ಮೇ ತಿಂಗಳಲ್ಲಿ ಘೋಷಿಸಿದ ಪಿಎಂ ಕೇರ್ಸ್ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ನಿಧಿ ಇದೆ. 18 ತುಂಬಿದವರಿಗೆ ಅದರಿಂದ ತಿಂಗಳ ಭತ್ಯೆ ಬರುತ್ತದೆ, ಇಡೀ ಮೊತ್ತ ಕೈಗೆ ಸಿಗುವುದು 23ಕ್ಕೆ. 18ರವರ ಕೈಗೆ 10 ಲಕ್ಷ ಒಮ್ಮೆಗೇ ಕೊಡಬಾರದು ಎಂದು ತೋರಿದ ಸರ್ಕಾರವೇ ಅದೇ 18ರವರನ್ನು ಇನ್ನೊಂದು ಮಗುವಿಗೆ ಪಾಲಕರಾಗಲು ಅರ್ಹರೆಂದು ಒಪ್ಪುತ್ತದೆ.

ಹಿಂದೆ ಒಮ್ಮೆ 21ರ ಗೆರೆ ನಮ್ಮಲ್ಲಿ ಇತ್ತು ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಅದು ಇದ್ದದ್ದು ಪಾಲಕರಿಗಲ್ಲ, ಮಗುವಿಗೆ. 1875ರ ಪ್ರಾಪ್ತ ವಯಸ್ಸಿನ ಕಾಯ್ದೆಯ ಪ್ರಕಾರ ಎಲ್ಲರೂ 18ಕ್ಕೆ ಪ್ರಾಪ್ತ ವಯಸ್ಕರಾದರೆ, ನ್ಯಾಯಾಲಯ ಪಾಲಕರನ್ನು ನೇಮಿಸಿದ ಮಗು 21 ತುಂಬುವವರೆಗೆ ಅಪ್ರಾಪ್ತ ವಯಸ್ಕನಾಗಿಯೇ ಉಳಿಯುತ್ತಿತ್ತು. ಒಂದೇ ತರಗತಿಯ ಇಬ್ಬರು ಹುಡುಗರಲ್ಲಿ ತಂದೆ ತಾಯಿ ಇದ್ದವನು 18ಕ್ಕೆ ಸ್ವತಂತ್ರ, ಇಲ್ಲದವನು ಇನ್ನೂ ಮೂರು ವರ್ಷ ಬೇರೆಯವರ ಸಹಿಗೆ ಕಾಯಬೇಕು. ಒಳ್ಳೆಯದಕ್ಕೆಂದೇ ಮಾಡಿದ ನಿಯಮ ಅನಾಥ ಮಗುವಿಗೆ ಇನ್ನೊಂದು ಶಿಕ್ಷೆಯಾಗಿತ್ತು. ಅದನ್ನು ತೆಗೆದುಹಾಕಲು 1999ರ ತಿದ್ದುಪಡಿ ಬೇಕಾಯಿತು. ಶತಮಾನಕ್ಕೂ ಹೆಚ್ಚು ಕಾಲ ನಡೆದ ಆ ಪ್ರಯೋಗ ಕಲಿಸಿದ್ದನ್ನು ಮರೆತು ಈಗ ಪಾಲಕರ ಕಡೆಗೆ 21ರ ಗೋಡೆ ಎಬ್ಬಿಸಿದರೆ ಆಗುವುದೇನು? ಆ ಅಕ್ಕ ಇನ್ನೆರಡು ವರ್ಷ ಚಿಕ್ಕಪ್ಪನ ಸಹಿಗೆ ಕಾಯಬೇಕಾಗುತ್ತದೆ. ಮಗುವಿಗೆ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ. ಅರ್ಜಿ ಹಾಕಬಲ್ಲವರಲ್ಲಿ ಅದಕ್ಕೆ ಅತಿ ಹತ್ತಿರದವಳು ಹೊರಗುಳಿಯುತ್ತಾಳೆ.

ಆಸ್ತಿಯ ಭಯಕ್ಕೆ ಉತ್ತರ 1890ರ ಕಾಯ್ದೆಯಲ್ಲೇ ಇದೆ, ಅದು ವಯಸ್ಸಿನ ಮೇಲೆ ನಿಂತಿಲ್ಲ. ನ್ಯಾಯಾಲಯ ನೇಮಿಸಿದ ಆಸ್ತಿ ಪಾಲಕರಿಗೆ 20 ಆಗಿರಲಿ 60 ಆಗಿರಲಿ, ಅನುಮತಿಯಿಲ್ಲದೆ ಮಗುವಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷ ಮೀರಿ ಗುತ್ತಿಗೆಗೆ ಕೊಡುವಂತಿಲ್ಲ. 29ನೇ ಕಲಂ ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಅನುಮತಿಯನ್ನೂ ಅನಿವಾರ್ಯವಿದ್ದರೆ ಅಥವಾ ಮಗುವಿಗೆ ಸ್ಪಷ್ಟ ಲಾಭವಿದ್ದರೆ ಮಾತ್ರ ಕೊಡಬೇಕು. ಆಸ್ತಿ ಲಪಟಾಯಿಸುವವರು ವಯಸ್ಸಿನಲ್ಲಿ ಎಳೆಯರೇ ಆಗಿರುತ್ತಾರೆ ಎಂದು ನಮ್ಮ ಹಳ್ಳಿಗಳನ್ನು ಬಲ್ಲ ಯಾರೂ ಹೇಳಲಾರರು.

ಹೀಗಿದ್ದರೂ ಎಳೆಯ ಅರ್ಜಿದಾರರಿಗೆ ನ್ಯಾಯಾಲಯದ ದಾರಿ ಸಲೀಸಲ್ಲ. ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಜಿಲ್ಲಾ ನ್ಯಾಯಾಲಯಕ್ಕೆ, ಕೌಟುಂಬಿಕ ನ್ಯಾಯಾಲಯವಿರುವ ಊರಿನಲ್ಲಾದರೆ ಅಲ್ಲಿಗೆ, ಅರ್ಜಿ ಹಾಕಬೇಕು. ಮಗುವಿನ ಹುಟ್ಟಿದ ದಿನಾಂಕ, ಆಸ್ತಿಯ ವಿವರ, ಹತ್ತಿರದ ಬಂಧುಗಳ ಹೆಸರು ಎಲ್ಲ ಅದರಲ್ಲಿರಬೇಕು. ಪಾಲಕರಾಗಲು ಒಪ್ಪಿಗೆಯಿದೆ ಎಂಬ ಬರಹಕ್ಕೆ ಸಹಿ ಹಾಕಿ ಕನಿಷ್ಠ ಇಬ್ಬರು ಸಾಕ್ಷಿಗಳಿಂದ ದೃಢೀಕರಿಸಬೇಕು. ಆಸ್ತಿಯ ಪಾಲಕತ್ವ ಸಿಕ್ಕರೆ ನ್ಯಾಯಾಲಯ ಮುಚ್ಚಳಿಕೆ ಕೇಳಬಹುದು, ಜಾಮೀನುದಾರರನ್ನೂ ಕೇಳಬಹುದು. ಸ್ವಂತದ್ದೇನೂ ಇಲ್ಲದ 19ರ ಹುಡುಗಿಗೆ ಜಾಮೀನು ನಿಲ್ಲುವವರು ಯಾರು? ಮತ್ತೆ ಅದೇ ಚಿಕ್ಕಪ್ಪ. ಕಾಯ್ದೆ ಎಲ್ಲೂ ಹೇಳದ ವಯಸ್ಸಿನ ಮಿತಿ ಹೀಗೆ ಜಾಮೀನಿನ ವೇಷದಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಸಣ್ಣ ಆಸ್ತಿಯ ಪ್ರಕರಣಗಳಲ್ಲಿ ಜಾಮೀನನ್ನು ಕೈಬಿಟ್ಟು, ಮಗುವಿನ ಹಣವನ್ನು ನ್ಯಾಯಾಲಯ ಹೇಳಿದ ಠೇವಣಿಯಲ್ಲಿಟ್ಟು ಬಡ್ಡಿಯನ್ನಷ್ಟೇ ಪಾಲಕರ ಕೈಗೆ ಕೊಡುವುದು ಇದಕ್ಕೆ ಸರಿಯಾದ ಪರಿಹಾರ.

ಹೆಗಲಿನ ಭಾರದ ಪ್ರಶ್ನೆ ಆಸ್ತಿಯ ಪ್ರಶ್ನೆಗಿಂತ ಕಷ್ಟದ್ದು. ನನಗೆ ನಿಜವಾಗಿ ಆತಂಕ ಇರುವುದು ಇಲ್ಲಿ. ಸಾವಿನ ಮನೆಯಲ್ಲಿ ಹನ್ನೊಂದನೇ ದಿನದ ಹೊತ್ತಿಗೆ ಬಂಧುಗಳು ಹೊರಡಲು ಚೀಲ ಕಟ್ಟಿಕೊಳ್ಳುತ್ತಾ "ಇನ್ಮೇಲೆ ನೀನೇ ಕಣಮ್ಮ ಇವನಿಗೆ ತಾಯಿ" ಎಂದು ಹೇಳಿ ಹೋಗುವುದನ್ನು ಯಾರು ಕೇಳಿಲ್ಲ? ಆ ಮಾತಿನಲ್ಲಿ ಕರುಣೆ ಇದೆ, ಕೈತೊಳೆದುಕೊಳ್ಳುವಿಕೆಯೂ ಇದೆ. ಹಾಗೆ ಹೇಳಿಸಿಕೊಂಡವಳು ಹೆಚ್ಚಾಗಿ ಹೆಣ್ಣುಮಗಳು. ಡಿಗ್ರಿ ಅರ್ಧಕ್ಕೆ ನಿಲ್ಲುತ್ತದೆ, ಮದುವೆ ಮಾತು ಮುಂದಕ್ಕೆ ಹೋಗುತ್ತದೆ ಇಲ್ಲವೆ ಮದುವೆ ಮಾಡಿ ಕಳಿಸಿದರೆ ತಮ್ಮನ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. 18ರವರು ಪಾಲಕರಾಗಬಹುದು ಎಂಬ ಕಾನೂನು, ಆಗಲೇಬೇಕು ಎಂಬ ಮನೆಯ ಒತ್ತಾಯವಾಗಿ ಬದಲಾಗುವುದಕ್ಕೆ ಹೊತ್ತು ಬೇಡ.

ಒಪ್ಪದವರನ್ನು ಪಾಲಕರಾಗಿ ನೇಮಿಸಕೂಡದು ಎಂದು 1890ರ ಕಾಯ್ದೆಯ 17ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಒಪ್ಪಿಗೆ ಎಂಬುದು ಕಾಗದದ ಮೇಲೆ ಸಹಿ ಹಾಕಿದ ಮಾತ್ರಕ್ಕೆ ಒಪ್ಪಿಗೆಯಾಗದು. 18, 19ರ ಅರ್ಜಿದಾರರು ಎದುರಿಗೆ ಬಂದಾಗ ನ್ಯಾಯಾಧೀಶರು ಬಂಧುಗಳನ್ನು ಹೊರಗೆ ಕಳಿಸಿ ಒಬ್ಬರೇ ಮಾತಾಡಿಸಬೇಕು. ಓದು ಮುಂದುವರಿಸುತ್ತೀಯಾ, ದುಡ್ಡಿಗೆ ಏನು ಮಾಡುತ್ತೀಯಾ, ಇದು ನಿನ್ನದೇ ಇಷ್ಟವೇ, ನಿನಗೆ ಯಾರಾದರೂ ಜೊತೆಗಿರಬೇಕು ಅನ್ನಿಸುತ್ತದೆಯೇ ಎಂದು ಕೇಳಬೇಕು. ಮಗುವಿಗೆ ಬುದ್ಧಿ ಬಂದಿದ್ದರೆ ಅದರ ಇಚ್ಛೆಯನ್ನು ಪರಿಗಣಿಸಬಹುದು ಎಂದು ಕಾಯ್ದೆ ಹೇಳುತ್ತದಲ್ಲ, ಎಳೆಯ ಪಾಲಕರಿಗೂ ಅದೇ ಗೌರವ ಸಲ್ಲಬೇಕು. ಬೇಡ ಎಂದು ಹೇಳುವ ಹಕ್ಕು ಇದ್ದಾಗಲೇ ಹೂಂ ಎಂಬ ಮಾತಿಗೆ ಬೆಲೆ.

ಇನ್ನೊಂದು ತುದಿಯಲ್ಲಿ ಮುಪ್ಪಿನ ಪ್ರಶ್ನೆ. ಇದನ್ನು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ನೇರವಾಗಿ ಎದುರಿಸಿತು. ಗುಜರಾತಿನ ಪ್ರಕರಣ. ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಆರರ ಆಸುಪಾಸಿನ ಮಗು. ಒಂದು ಕಡೆ ತಂದೆಯ ತಂದೆ ತಾಯಿ, 71 ಮತ್ತು 63 ವಯಸ್ಸಿನವರು. ಇನ್ನೊಂದು ಕಡೆ ತಾಯಿಯ ಸೋದರಿ, 46ರ ಅವಿವಾಹಿತೆ, ಕೇಂದ್ರ ಸರ್ಕಾರಿ ನೌಕರಿ. ಅಜ್ಜ ಅಜ್ಜಿಯ ವಯಸ್ಸು, ತಾಯಿಯ ಸೋದರಿಯ ಆದಾಯ ಮತ್ತು ದೊಡ್ಡ ಕುಟುಂಬ ನೋಡಿ ಹೈಕೋರ್ಟ್ ಮಗುವನ್ನು ಆಕೆಗೆ ಒಪ್ಪಿಸಿತ್ತು. ಆದಾಯವಾಗಲಿ ವಯಸ್ಸಾಗಲಿ ಕುಟುಂಬದ ಗಾತ್ರವಾಗಲಿ ಏಕೈಕ ಮಾನದಂಡವಾಗಲಾರದು ಎಂದು ಹೇಳಿ ಸುಪ್ರೀಂ ಕೋರ್ಟ್ ಮಗುವನ್ನು ಅಜ್ಜ ಅಜ್ಜಿಯ ವಶಕ್ಕೆ ಕೊಟ್ಟಿತು. ನ್ಯಾಯಮೂರ್ತಿಗಳಾದ ಎಂ.ಆರ್. ಶಾ ಮತ್ತು ಅನಿರುದ್ಧ ಬೋಸ್ ಅವರ ಪೀಠದ ಈ ತೀರ್ಪು ವೃದ್ಧಾಪ್ಯವನ್ನು ಅನರ್ಹತೆಯೆಂದು ಕಾಣಲು ಒಪ್ಪಲಿಲ್ಲ. ಅದು ಸರಿಯಾದ ನಿಲುವು.

ಆದರೆ ಅದೇ ಮಗುವಿಗೆ 18 ತುಂಬುವ ಹೊತ್ತಿಗೆ ಅಜ್ಜನಿಗೆ 80 ದಾಟಿರುತ್ತದೆ. ಇದು ಅಜ್ಜನ ತಪ್ಪಲ್ಲ, ಬರೀ ಲೆಕ್ಕ. ಇಂಥ ಎಲ್ಲ ಪ್ರಕರಣಗಳಲ್ಲೂ ಈ ಲೆಕ್ಕವನ್ನು ಮೊದಲ ದಿನವೇ ಹಾಕಬೇಕು.

ದತ್ತು ನಿಯಮಗಳು ಈ ಲೆಕ್ಕವನ್ನು ಬೇರೆ ರೀತಿ ಬಿಡಿಸಿವೆ. 2022ರ ದತ್ತು ನಿಯಮಾವಳಿಯ ಪ್ರಕಾರ ಎರಡು ವರ್ಷದೊಳಗಿನ ಮಗುವನ್ನು ಪಡೆಯುವ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು, ಒಂಟಿಯಾಗಿ ಪಡೆಯುವವರಿಗೆ 40 ಮೀರಿರಬಾರದು. ಮಗು ದೊಡ್ಡದಾದಂತೆ ಮಿತಿಯೂ ಸಡಿಲವಾಗಿ, ಎಂಟು ದಾಟಿದ ಮಕ್ಕಳಿಗೆ ದಂಪತಿಯ ಒಟ್ಟು ವಯಸ್ಸು 110ರವರೆಗೆ, ಒಂಟಿಯವರಿಗೆ 55ರವರೆಗೆ ಅವಕಾಶವಿದೆ. ಮಗುವಿಗೂ ದತ್ತು ಪಡೆಯುವವರಿಗೂ ಕನಿಷ್ಠ 25 ವರ್ಷದ ಅಂತರ ಬೇಕು. ಪಾಲಕತ್ವಕ್ಕೂ ಇಂಥ ಪಟ್ಟಿ ಇರಲಿ ಎನ್ನುವ ಸಲಹೆ ಆಗಾಗ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ದತ್ತಿಗೆ ಕಾಯುವವರು ಮಗುವಿನ ಮಟ್ಟಿಗೆ ಅಪರಿಚಿತರು. ಸಾಲಿನಲ್ಲಿ ನಿಂತ ಹಲವರಲ್ಲಿ ಆರಿಸಬೇಕಾದಾಗ ವಯಸ್ಸಿನ ಗೆರೆಗೆ ಅರ್ಥವಿದೆ. ಪಾಲಕತ್ವದಲ್ಲಿ ಸಂಬಂಧ ಮೊದಲೇ ಇರುತ್ತದೆ. ಅಜ್ಜಿಯ ಸೆರಗು ಹಿಡಿದು ಮಲಗುವ ಮಗುವಿಗೆ ಅವಳ ವಯಸ್ಸು ಮಿತಿ ಮೀರಿದೆ ಎಂದು ಹೇಳಿ ಬೇರೆ ಕಡೆ ಮಲಗಿಸುವುದು ಕ್ರೌರ್ಯ. ಸಂಬಂಧಿಕರು ದತ್ತು ಪಡೆಯುವಾಗ ಗರಿಷ್ಠ ವಯಸ್ಸಿನ ಮಿತಿ ಅನ್ವಯಿಸದು ಎಂದು ಆ ನಿಯಮಾವಳಿಯೇ ವಿನಾಯಿತಿ ಕೊಟ್ಟಿರುವುದೂ ಇದೇ ಕಾರಣಕ್ಕೆ ಇರಬೇಕು.

ಹಾಗಾದರೆ ಅಜ್ಜ ತೀರಿಕೊಂಡ ಮರುದಿನ ಮಗು ಯಾರದು? ಈ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಒಂದು ದೊಡ್ಡ ಬಿರುಕಿದೆ. 1956ರ ಕಾಯ್ದೆಯ 9ನೇ ಕಲಂ ಪ್ರಕಾರ ಉಯಿಲಿನ ಮೂಲಕ ಪಾಲಕರನ್ನು ಹೆಸರಿಸುವ ಅಧಿಕಾರ ಇರುವುದು ತಂದೆ ಮತ್ತು ತಾಯಿಗೆ ಮಾತ್ರ. ಹತ್ತು ವರ್ಷ ಮೊಮ್ಮಗಳನ್ನು ಸಾಕಿದ ಅಜ್ಜಿ, ನನ್ನ ನಂತರ ನನ್ನ ಕಿರಿಯ ಮಗಳು ಇವಳನ್ನು ನೋಡಿಕೊಳ್ಳಲಿ ಎಂದು ಉಯಿಲು ಬರೆದಿಟ್ಟರೆ ಅದಕ್ಕೆ ಕಾನೂನಿನ ಬಲವಿಲ್ಲ. ಪಾಲಕರು ಸತ್ತರೆ ನ್ಯಾಯಾಲಯ ತಾನಾಗಿ ಅಥವಾ ಅರ್ಜಿಯ ಮೇಲೆ ಬೇರೊಬ್ಬರನ್ನು ನೇಮಿಸಬಹುದು ಎಂದು 1890ರ ಕಾಯ್ದೆಯ 42ನೇ ಕಲಂ ಹೇಳುತ್ತದೆ ನಿಜ. ಆದರೆ ಹಳ್ಳಿಯಲ್ಲಿ ಅಜ್ಜಿ ಸತ್ತ ಸುದ್ದಿಯನ್ನು ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಹೇಳುವವರು ಯಾರು? ಮಗು ಎರಡನೇ ಸಲ ಅನಾಥವಾದಾಗ ಮತ್ತೆ ಮೊದಲಿನಿಂದ ಅರ್ಜಿ, ನೋಟಿಸು, ಸಾಕ್ಷಿ.

ಇಲ್ಲಿ ನಮ್ಮದೇ ನಾಡಿನ ಒಂದು ಉದಾಹರಣೆ ನೆನಪಾಗುತ್ತದೆ. 1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜ ಒಡೆಯರಿಗೆ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರಿಗೆ ಇನ್ನೂ 30 ಆಗಿರಲಿಲ್ಲ. 1895ರಿಂದ 1902ರವರೆಗೆ ಅವರೇ ರೀಜೆಂಟರು, ಮಗನಿಗೆ 18 ತುಂಬಿದ ಮೇಲೆ ಅಧಿಕಾರ ಹಸ್ತಾಂತರವಾಯಿತು. ಆ ಏಳು ವರ್ಷ ಅವರೊಬ್ಬರ ಹೆಗಲಿಗೇ ಎಲ್ಲವನ್ನೂ ಬಿಟ್ಟಿರಲಿಲ್ಲ. ಶೇಷಾದ್ರಿ ಅಯ್ಯರ್‌ರಂಥ ಅನುಭವಿ ದಿವಾನರಿದ್ದರು, ಸಲಹಾ ಮಂಡಳಿ ಇತ್ತು. ಎಳೆ ವಯಸ್ಸಿನ ವಿಧವೆಯೊಬ್ಬರು ಪಾಲಕರಾಗಬಾರದು ಎಂದು ಯಾರೂ ಹೊರಗಿಡಲಿಲ್ಲ, ಒಂಟಿಯಾಗಿಯೂ ಬಿಡಲಿಲ್ಲ. ರಾಜನ ಮಗನಿಗೆ ಸಲ್ಲಿದ ಈ ವಿವೇಕ ಗಾರ್ಮೆಂಟ್ಸ್ ಹುಡುಗಿಯ ತಮ್ಮನಿಗೂ ಸಲ್ಲಬೇಕು.

ಸಲ್ಲಿಸಲು ಬೇಕಾದ ಅಧಿಕಾರ ನ್ಯಾಯಾಲಯಕ್ಕಿದೆ. ಮಗುವಿಗೆ ಅನ್ವಯಿಸುವ ಕಾನೂನಿನಲ್ಲಿ ಅವಕಾಶವಿದ್ದರೆ ಇಬ್ಬರು ಅಥವಾ ಹೆಚ್ಚು ಮಂದಿಯನ್ನು ಜಂಟಿ ಪಾಲಕರನ್ನಾಗಿ ನೇಮಿಸಬಹುದು ಎನ್ನುತ್ತದೆ 1890ರ ಕಾಯ್ದೆಯ 15ನೇ ಕಲಂ. ಶರೀರಕ್ಕೊಬ್ಬರು, ಆಸ್ತಿಗೊಬ್ಬರು ಎಂದು ಬೇರೆ ಬೇರೆ ನೇಮಿಸಲೂಬಹುದು. ಜಂಟಿ ಪಾಲಕರಲ್ಲಿ ಒಬ್ಬರು ತೀರಿಕೊಂಡರೆ ಪಾಲಕತ್ವ ಉಳಿದವರಲ್ಲಿ ತಾನಾಗಿ ಮುಂದುವರಿಯುತ್ತದೆ ಎನ್ನುತ್ತದೆ 38ನೇ ಕಲಂ. 70ರ ಅಜ್ಜಿಯನ್ನೂ 19ರ ಅಕ್ಕನನ್ನೂ ಒಂದೇ ಆದೇಶದಲ್ಲಿ ನೇಮಿಸಿದರೆ ಇಬ್ಬರ ವಯಸ್ಸಿನ ತೊಡಕೂ ಒಟ್ಟಿಗೇ ಬಿಡುತ್ತದೆ. ಅಜ್ಜಿಯ ಮಾತಿಗೆ ಊರಿನಲ್ಲಿ ಬೆಲೆಯಿದೆ, ಅಕ್ಕನಿಗೆ ಓಡಾಡುವ ಶಕ್ತಿ ಇದೆ. ಅಜ್ಜಿ ಹೋದ ದಿನ ತಮ್ಮ ಪಾಲಕರಿಲ್ಲದವನಾಗುವುದಿಲ್ಲ. ಆಸ್ತಿ ಹೆಚ್ಚಿದ್ದು ಬಂಧುಗಳಲ್ಲಿ ಜಗಳವಿದ್ದರೆ ಅದರ ಮಟ್ಟಿಗೆ ಮೂರನೆಯವರನ್ನು ನೇಮಿಸಿ ಲೆಕ್ಕ ಕೇಳಬಹುದು. ಇಬ್ಬರ ನಡುವೆ ಭಿನ್ನಾಭಿಪ್ರಾಯ ಬಂದರೆ ಏನು ಗತಿ ಎಂದು ಕೇಳುವವರಿದ್ದಾರೆ. ಬಂದೇ ಬರುತ್ತದೆ. ಗಂಡ ಹೆಂಡಿರ ನಡುವೆ ಮಗುವಿನ ವಿಷಯಕ್ಕೆ ಭಿನ್ನಾಭಿಪ್ರಾಯ ಬರುವುದಿಲ್ಲವೇ? ನಿರ್ದೇಶನ ಕೇಳಲು ಪಾಲಕರು ನ್ಯಾಯಾಲಯಕ್ಕೆ ಹೋಗುವ ದಾರಿ ಕಾಯ್ದೆಯಲ್ಲಿದೆ.

18 ತುಂಬದ ಅಕ್ಕಂದಿರ, ಅಣ್ಣಂದಿರ ಮಾತು ಇನ್ನೂ ಉಳಿದಿದೆ. ಅವರನ್ನು ಪೂರ್ಣ ಪಾಲಕರನ್ನಾಗಿ ಮಾಡಿ ಎಂದು ನಾನು ಹೇಳುವುದಿಲ್ಲ; ಅವರೇ ರಕ್ಷಣೆ ಬೇಕಾದ ಮಕ್ಕಳು. ಆದರೆ ಅವರು ಈಗಾಗಲೇ ಮಾಡುತ್ತಿರುವುದನ್ನು ಕಾನೂನು ಕಾಣದಂತೆ ಇರುವುದು ಸರಿಯಲ್ಲ. ಏಡ್ಸ್‌ನಿಂದ ಒಂದು ತಲೆಮಾರಿನ ತಂದೆ ತಾಯಂದಿರನ್ನು ಕಳೆದುಕೊಂಡ ದಕ್ಷಿಣ ಆಫ್ರಿಕ ಇದಕ್ಕೊಂದು ದಾರಿ ಮಾಡಿಕೊಂಡಿತು. ಅಲ್ಲಿನ 2005ರ ಮಕ್ಕಳ ಕಾಯ್ದೆಯ 137ನೇ ಕಲಂ 16 ದಾಟಿದ ಹಿರಿಯ ಮಗುವೊಂದು ಮನೆ ನಡೆಸುತ್ತಿದ್ದರೆ ಅದನ್ನು ಮಕ್ಕಳೇ ನಡೆಸುವ ಕುಟುಂಬವೆಂದು ಗುರುತಿಸಲು ಅವಕಾಶ ಕೊಡುತ್ತದೆ. ಮೇಲ್ವಿಚಾರಣೆಗೆ ಒಬ್ಬ ವಯಸ್ಕರಿರಬೇಕು. ಸರ್ಕಾರದ ಸಹಾಯಧನವನ್ನು ಅವರು ಪಡೆದು ನಿರ್ವಹಿಸಬಹುದು, ಆದರೆ ಮನೆ ನಡೆಸುವ ಮಗುವನ್ನು ಕೇಳದೆ ಮನೆಯ ಬಗ್ಗೆ ತೀರ್ಮಾನ ಮಾಡುವಂತಿಲ್ಲ. ಕುಟುಂಬವನ್ನು ಮಕ್ಕಳು ನಡೆಸುತ್ತಿದ್ದಾರೆ ಎಂಬ ಕಾರಣಕ್ಕೆ ಯಾವ ನೆರವನ್ನೂ ನಿರಾಕರಿಸುವಂತಿಲ್ಲ. ಆ ದೇಶದ ದುರಂತ ನಮ್ಮದಲ್ಲ, ಕಾಯ್ದೆಯನ್ನು ಎತ್ತಿ ತಂದು ಇಲ್ಲಿ ನೆಡಬೇಕಾಗಿಯೂ ಇಲ್ಲ. ಆದರೆ 17ರ ಅಕ್ಕನನ್ನು ಕೇಳದೆ ತಮ್ಮನನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸಬಾರದು, 18 ತುಂಬಿದ ದಿನ ಅವಳನ್ನು ಜಂಟಿ ಪಾಲಕಿಯಾಗಿ ಸೇರಿಸಿಕೊಳ್ಳುವುದನ್ನು ಮೊದಲ ಆದೇಶದಲ್ಲೇ ಬರೆದಿಡಬೇಕು ಎಂಬಷ್ಟನ್ನು ಕಲಿಯಬಹುದು.

ಇದರಲ್ಲಿ ನಾವು ನೀವು ಇಂದೇ ಮಾಡಬಹುದಾದದ್ದೂ ಇದೆ. ಸಣ್ಣ ಮಕ್ಕಳಿರುವ ತಂದೆ ತಾಯಂದಿರು ಉಯಿಲು ಬರೆಯಲು ಮುಪ್ಪಿಗಾಗಿ ಕಾಯಬಾರದು. ಆಸ್ತಿ ಏನೂ ಇಲ್ಲದಿದ್ದರೂ ಮಗುವಿಗೆ ಪಾಲಕರು ಯಾರು ಎಂಬ ಒಂದು ಪುಟ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಡಿ. ಹೆಸರಿಸುವ ಮುಂಚೆ ಅವರನ್ನು ಕೇಳಿ. ನಿಮಗಿಂತ ಹಿರಿಯರೊಬ್ಬರ ಹೆಸರಿದ್ದರೆ ಕಿರಿಯರೊಬ್ಬರ ಹೆಸರನ್ನೂ ಸೇರಿಸಿ. ಶಾಲೆ, ಬ್ಯಾಂಕು, ನಾಡಕಚೇರಿಗಳಲ್ಲಿ ಕುಳಿತವರು ಎದುರಿಗೆ ನಿಂತ ಹುಡುಗಿಯನ್ನು ವಾಪಸು ಕಳಿಸುವ ಮುಂಚೆ ಅವಳ ಆಧಾರ್ ಕಾರ್ಡಿನ ದಿನಾಂಕ ನೋಡಲಿ. 18 ತುಂಬಿದ್ದರೆ ಅವಳೇ ದೊಡ್ಡವಳು. ನ್ಯಾಯಾಲಯಕ್ಕೆ ಅರ್ಜಿ ಹಾಕಲು ಅವಳಿಗೆ ಹಕ್ಕಿದೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ ಎಂಬೆರಡು ಮಾತು ಹೇಳಿ ಕಳಿಸಲಿ.

ಉಳಿದದ್ದು ಶಾಸನಸಭೆಯ ಕೆಲಸ. ಅಪ್ರಾಪ್ತ ವಯಸ್ಕರ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿದೆ. ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯವೇ ತಿದ್ದುಪಡಿ ತರಬಹುದು. ಬಾಲ್ಯವಿವಾಹದ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಹೋಗಿ ಅದನ್ನು ಮಾಡಿ ತೋರಿಸಿದೆ. 21ನೇ ಕಲಮಿನಿಂದ ಬಾಲಗಂಡನನ್ನು ತೆಗೆಯಲು, ಸಾಕಿದ ಅಜ್ಜಿಗೆ ಮುಂದಿನ ಪಾಲಕರನ್ನು ಸೂಚಿಸುವ ಅಧಿಕಾರ ಕೊಡಲು, ಜಂಟಿ ನೇಮಕವನ್ನು ವಾಡಿಕೆಯಾಗಿಸಲು ಕೇಂದ್ರದ ದಾರಿ ಕಾಯಬೇಕಾದ ಅಗತ್ಯ ನಮಗಿಲ್ಲ.